ಹುಣಿಸೆಯಲ್ಲಿ ತೊಳೆದ ಕಾಸು

ದಿವಾಕರ್ ಒಂದು ತಾಮ್ರದ ಕಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ತೆಗೆದ. ಅದೂ ಫಳಫಳ. ಅವನ ಮುಖ ಸಪ್ಪಗಾಯಿತು.

ಹೊರಗೆ ಚಪ್ಪರದಡಿ ನಂಜುಂಡನ್ ಹೆಣವಾಗಿ ಮಲಗಿದ್ದರು. ಒಂದು ಕಾಲಕ್ಕೆ ಪಾಳೆಯ ಆಳಿದ ಮನೆತನದ ಕೊನೆಯ ಹಿರಿಯ, ಊರಿಗೆಲ್ಲ ದೊರೆ. ಅರಮನೆ ಅಂದರೆ ಹೆದರಬೇಕಿಲ್ಲ, ಅದರ ಅರ್ಧ ಭಾಗ ಪಲ್ಲಡಂನ ನೂಲಿನ ವ್ಯಾಪಾರಿಗೆ ಗೋದಾಮಾಗಿ ಎಷ್ಟೋ ವರ್ಷವಾಗಿತ್ತು. ದೊರೆಗೆ ಉಳಿದ ರಾಜ್ಯ ಈ ಪೆಟ್ಟಿಗೆಯೊಂದೇ. ನೊಯ್ಯಲ್ ಹೊಳೆಯ ಮರಳಲ್ಲಿ ಸಿಕ್ಕ ಕಾಸುಗಳು, ಸಂತೆಯಲ್ಲಿ ಹಳೇ ಪಾತ್ರೆಯವರನ್ನು ಕಾಡಿ ಬೇಡಿ ತಂದವು.

ಮೈಸೂರು ಕಡೆಯ ದಿವಾಕರ್ ಶರವಣಂಪಟ್ಟಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು, ದೊರೆಯ ಕಾಸಿನ ಗೆಳೆಯ. ಕಾಲೇಜಿನ ಸಂಗ್ರಹಾಲಯದಲ್ಲಿ ಇವನ್ನಿಟ್ಟು ದೊರೆಯ ಹೆಸರು ಬರೆಸಬೇಕೆಂದು ಅವರ ಹೆಂಡತಿ ವಳ್ಳಿಯಮ್ಮನ ಆಸೆ. ಮಕ್ಕಳಿಲ್ಲದ ಮನೆ, ಹೆಸರು ಉಳಿಯಲು ಬೇರೆ ದಾರಿ ಅವಳಿಗೆ ಕಾಣಲಿಲ್ಲ. ಹೆಣ ಎತ್ತುವ ಮುಂಚೆ ಒಂದು ಮಾತು ಸಿಕ್ಕರೆ ಸಾಕೆಂದು ಅವನನ್ನು ಒಳಗೆ ಕರೆತಂದಿದ್ದಳು.

"ಹೇಳು ತಂಬಿ, ಇಡ್ತಾರಾ ಇಲ್ವಾ?"

ಅವನು ಪೆಟ್ಟಿಗೆ ಮುಚ್ಚಲು ಹೋದ. ಅವಳು ಬಿಡಲಿಲ್ಲ. ಹಳೆಯ ಕಾಸನ್ನು ತೊಳೆಯಬಾರದು, ಕಾಲ ಕೂರಿಸಿದ ಬಣ್ಣವೇ ಅದರ ಜೀವ, ಹುಳಿ ಬಿದ್ದರೆ ಬಣ್ಣವೂ ಅಕ್ಷರವೂ ಹೋಗುತ್ತವೆ ಎಂದು ಕೊನೆಗೆ ಹೇಳಿದ. ಒಂದಾದರೂ ಉಳಿದಿದೆಯೇ ಎಂದು ಹುಡುಕಿದೆ, ಇಲ್ಲ, ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ ಎಂದ.

ವಳ್ಳಿಯಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು.

*

ಮದುವೆಯಾದ ವರ್ಷದ ಆಯುಧಪೂಜೆ. ವಳ್ಳಿಯಮ್ಮ ನೆಗಮಂನ ನೇಕಾರರ ಮನೆಯ ಹುಡುಗಿ. ಅಲ್ಲಿ ಆ ಹಬ್ಬಕ್ಕೆ ಮಗ್ಗದ ಮೊಳೆಯನ್ನೂ ಬಿಡದೆ ತೊಳೆಯುವವರು. ದೊರೆ ಕೊಯಮತ್ತೂರಿಗೆ ಹೋಗಿದ್ದಾಗ ಇಡೀ ಪೆಟ್ಟಿಗೆಯನ್ನು ಹುಣಿಸೆ, ಬೂದಿ ಹಾಕಿ ತಿಕ್ಕಿ ಮೊರದಲ್ಲಿ ಒಣಹಾಕಿದಳು. ವಾಪಸು ಬಂದ ದೊರೆ ಮೊರವನ್ನೇ ನೋಡುತ್ತ ನಿಂತುಬಿಟ್ಟರು. ಚೆನ್ನಾಗಿದೆಯಾ ಎಂದು ಕೇಳಿದಳು. ಅವರು ಅವಳ ಕಪ್ಪಾದ ಬೆರಳುಗಳನ್ನು ನೋಡಿ, ಅರಮನೆಗೇ ಬೆಳಕು ಬಂತು ಅಂದರು.

ಆಮೇಲೆ ಪ್ರತಿ ವರ್ಷ ಹಬ್ಬದ ಮುಂಚೆ ಹುಣಿಸೆಹಣ್ಣು ತರುತ್ತಿದ್ದವರು ಅವರೇ. ಜಗಲಿಯಲ್ಲಿ ಕೂತು ಇವಳು ತೊಳೆದು ಕೊಡುವಳು, ಅವರು ಒರೆಸುವರು. ವರ್ಷದ ದೂರು, ಊರ ಸುದ್ದಿ, ತವರಿನ ಮಾತು ಎಲ್ಲ ಆ ದಿನವೇ ಹೊರಗೆ ಬರುತ್ತಿದ್ದವು.

*

"ಹುಣ್ಸೆ ತಂದ್ಕೊಟ್ಟಿದ್ದೇ ಅವ್ರು," ಎಂದಳು. "ಒಂದ್ ಮಾತು ಹೇಳ್ಬಾರ್ದಿತ್ತಾ?"

"ನಾನೂ ಕೇಳಿದ್ದೆ ಅಮ್ಮ. 'ಕಾಸು ಹೋದ್ರೆ ಹೋಗ್ಲಿ. ಅವತ್ತೊಂದು ದಿನ ಅವಳು ಬೆಳಗಿಂದ ಸಂಜೆವರೆಗೂ ನನ್ ಪಕ್ಕ ಕೂತು ಮಾತಾಡ್ತಾಳೆ' ಅಂದ್ರು."

ಇಂಥ ಗಂಡಸಿನ ಮೇಲೆ ಸಿಟ್ಟಾಗುವುದೋ ಅಳುವುದೋ ತಿಳಿಯದೆ ವಳ್ಳಿಯಮ್ಮ ಎರಡನ್ನೂ ಮಾಡಿದಳು.

ಹೊರಗೆ ದೊರೆಯ ತಮ್ಮನ ಮಗ ಭೂಪತಿ, ಪದ್ಧತಿಯಂತೆ ಹೆಣದ ಹಣೆಗೆ ಅಂಟಿಸಲು ಜೇಬಿನಿಂದ ಒಂದು ರೂಪಾಯಿ ತೆಗೆದು ಚಂದನ ಕೇಳುತ್ತಿದ್ದ. ವಳ್ಳಿಯಮ್ಮ ಬಂದು ಅದನ್ನು ಇಸಿದುಕೊಂಡಳು. ಮಾಸಿದ ನಾಣ್ಯ.

"ಕಲಾ, ಒಸಿ ಹುಣ್ಸೆ ತಾ," ಎಂದು ಭೂಪತಿಯ ಹೆಂಡತಿಗೆ ಹೇಳಿದಳು.

ಗಾಡಿ ಕಾಯುತ್ತಿದೆ, ಹೊತ್ತಾಯಿತು ಎಂದರು ಯಾರೋ. ಅವಳು ಕೇಳಿಸಿಕೊಳ್ಳಲಿಲ್ಲ. ಗಂಡನ ಪಕ್ಕ ಕೂತು ಚೊಂಬಿನ ನೀರಲ್ಲಿ ನಾಣ್ಯ ತಿಕ್ಕತೊಡಗಿದಳು. ಗೋದಾಮಿನ ಹೆಂಚು ಮತ್ತೆ ಜಾರಿದೆ, ನೆಗಮಂನಲ್ಲಿ ಅಣ್ಣನ ಮೊಮ್ಮಗಳು ದೊಡ್ಡವಳಾದಳು, ನಿಮಗೆ ಹೇಳಬೇಕು ಅಂತಿದ್ದೆ, ಮರೆತೆ. ಮೆಲ್ಲಗೆ ಹೇಳುತ್ತಲೇ ಹೋದಳು.

ನಾಣ್ಯ ಹೊಳೆಯಿತು. ನೀರು ತೊಟ್ಟಿಕ್ಕುತ್ತಿದ್ದ ಅದನ್ನು, ಮಾತು ನಿಲ್ಲಿಸದೆಯೇ, ಒರೆಸಲೆಂದು ಅವರ ಕೈಗೆ ಕೊಟ್ಟಳು.