ನಾಲ್ಕನೆಯ ಫಾರಂ

ನನ್ನ ತಮ್ಮನ ಪುಸ್ತಕ ಅಚ್ಚಾಗಿ, ಇನ್ನೂ ಬಿಡಿ ಹಾಳೆಗಳಾಗಿರುವಾಗಲೇ, ನನ್ನ ಬೈಂಡಿಂಗ್ ಅಂಗಡಿಗೆ ಬಂದದ್ದು ಗುರುವಾರ. ಬಿಡುಗಡೆ ಶನಿವಾರ ಸಂಜೆ. ಮುನ್ನೂರು ಪ್ರತಿ, ಪ್ರತಿಯೊಂದಕ್ಕೂ ಹದಿನಾಲ್ಕು ಫಾರಂ. ದೊಡ್ಡ ಹಾಳೆಯೊಂದರ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗಿರುತ್ತದೆ, ಅದನ್ನು ಮೂರು ಸಲ ಮಡಚಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಬೆನ್ನಿಗೆ ದಾರ ಹಾಕಿ ಹೊಲಿದರೆ ಪುಸ್ತಕ. ನಲವತ್ತೊಂದು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ, ಮತ್ತು ಇದರಲ್ಲಿ ನನ್ನದು ಎತ್ತಿದ ಕೈ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ತಮ್ಮ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಾನೆ. ಅಂಗಡಿಯಲ್ಲಿ ಅವನ ಹೆಸರು ಪ್ರೊಫೆಸರ್. ನನ್ನ ಜೊತೆ ಹೊಲಿಗೆಗೆ ಕೂರುವವಳ ಹೆಸರು ಮೌನಿ. ಅವಳ ಬಾಯಿಗೆ ಬಿಡುವು ಸಿಕ್ಕಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಹಾಗೆ ಕರೆಯುತ್ತೇವೆ. ತಮ್ಮ ಹಾಳೆಯ ಕಟ್ಟುಗಳನ್ನು ಮೇಜಿನ ಮೇಲೆ ಇಳಿಸುತ್ತಿದ್ದಂತೆಯೇ ಮೌನಿ ಶುರುಮಾಡಿದಳು.

"ಪ್ರೊಫೆಸರ್ರೇ, ಇದರಲ್ಲಿ ಏನು ಬರ್ದಿದ್ದೀರಾ?"

"ಏನೇನು ಆಗಬಹುದಾಗಿತ್ತೋ ಅದೆಲ್ಲ ಯಾವುದೋ ಒಂದು ಲೋಕದಲ್ಲಿ ಆಗೇ ಇದೆ ಅಂತ. ನಾವಿರೋದನ್ನ ನಾವು ನಿಜವಾದ ಲೋಕ ಅಂತೀವಿ. ಅಲ್ಲಿರೋರೂ ಅವರದನ್ನ ಹಾಗೇ ಅಂತಾರೆ. 'ಇಲ್ಲಿ' ಅಂತೀವಲ್ಲ, ಹಾಗೆ. ಯಾರು ಎಲ್ಲಿ ನಿಂತಿದಾರೋ ಅವರಿಗೆ ಅದೇ ಇಲ್ಲಿ."

"ಹಾಗಾದ್ರೆ ನನಗೆ ಮಂಡಿನೋವು ಇಲ್ಲದ ಲೋಕಾನೂ ಇದೆಯಾ?"

"ಖಂಡಿತ ಇದೆ."

"ಅಲ್ಲಿರೋಳಿಗೆ ನೋವಿಲ್ಲ ಅಂದ್ರೆ ಇಲ್ಲಿ ನನ್ನ ಮಂಡಿಗೇನು ಬಂತು ಭಾಗ್ಯ?"

ತಮ್ಮ ನಕ್ಕ. "ಅದು ಒಂಬತ್ತನೇ ಅಧ್ಯಾಯದಲ್ಲಿ ಬರುತ್ತೆ" ಎಂದು ಹೇಳಿ ತರಗತಿಗೆ ಹೊತ್ತಾಯಿತೆಂದು ಹೊರಟ. ಪುಸ್ತಕದ ಹೆಸರು 'ಆಗಬಹುದಾಗಿದ್ದ ಲೋಕಗಳು'.

ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಭ್ಯಾಸ ನನಗಿಲ್ಲ. ಮಡಚುವಾಗ ಕಣ್ಣಿಗೆ ಬಿದ್ದಷ್ಟು ಓದುತ್ತೇನೆ. ಬಿಡಿ ಹಾಳೆಯ ಮೇಲೆ ಪುಟಗಳು ಸಾಲಾಗಿ ಇರುವುದಿಲ್ಲ. ಐವತ್ತಮೂರರ ಪಕ್ಕ ಅರವತ್ತು ಇರುತ್ತದೆ, ಅವುಗಳ ನೆತ್ತಿಗೆ ನೆತ್ತಿ ಕೊಟ್ಟು ಐವತ್ತೆರಡು, ಅರವತ್ತೊಂದು ತಲೆಕೆಳಗಾಗಿ ನಿಂತಿರುತ್ತವೆ. ಎಷ್ಟೋ ಕಾದಂಬರಿಗಳಲ್ಲಿ ನಾಯಕ ಸತ್ತದ್ದನ್ನು ಮೊದಲು ಓದಿ ಅವನ ಮದುವೆಯನ್ನು ಆಮೇಲೆ ಓದಿದ್ದೇನೆ. ನನಗೇನೂ ನಷ್ಟವಾಗಿಲ್ಲ.

ಶುಕ್ರವಾರ ಬೆಳಗ್ಗೆ ನಾಲ್ಕನೆಯ ಫಾರಮ್ಮಿನ ಮೊದಲ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡೆ. ಐವತ್ತಮೂರನೆಯ ಪುಟದಲ್ಲಿ 'ಅಕ್ಕ' ಎಂಬ ಮಾತು ಕಂಡಿತು. ಕೈ ನಿಲ್ಲಿಸಿ ಓದಿದೆ.

'ಒಂದು ಉದಾಹರಣೆ. ನನ್ನ ಅಕ್ಕ ಹದಿನೇಳನೆಯ ವಯಸ್ಸಿನಲ್ಲಿ ಗಣಿತದ ಪ್ರವೇಶ ಪರೀಕ್ಷೆಗೆ ಹೊರಟಿದ್ದಳು. ಅವಳು ನನ್ನನ್ನು ಬಿಟ್ಟುಹೋಗುತ್ತಾಳೆಂಬ ಸಂಕಟಕ್ಕೆ, ಹತ್ತು ವರ್ಷದ ನಾನು, ಅವಳ ಒಂದು ಚಪ್ಪಲಿಯನ್ನು ಅಡಗಿಸಿಟ್ಟೆ. ಚಪ್ಪಲಿ ಸಿಗದೆ ಅವಳಿಗೆ ಬಸ್ಸು ತಪ್ಪಿಹೋಯಿತು. ನಾನು ಚಪ್ಪಲಿಯನ್ನು ಮುಟ್ಟದ ಲೋಕವೊಂದಿದೆ, ಈ ಲೋಕದಷ್ಟೇ ನಿಜವಾದದ್ದು. ಅಲ್ಲಿ ಆಕೆ ಹೆಸರಾಂತ ಗಣಿತಜ್ಞೆ.' ಹಾಳೆ ತಿರುಗಿಸಿದೆ. ಐವತ್ತನಾಲ್ಕರ ಮೊದಲ ಸಾಲು: 'ಇಲ್ಲಿ, ಪಾಪ, ಆಕೆ ಬೇರೆಯವರ ಪುಸ್ತಕಗಳಿಗೆ ದಾರ ಹಾಕುತ್ತಾಳೆ.'

ನನಗೆ ಪಿತ್ತ ನೆತ್ತಿಗೇರಿತು. ಎಲ್ಲವನ್ನೂ ತಡೆದುಕೊಳ್ಳುತ್ತಿದ್ದೆನೇನೋ, ಆ 'ಪಾಪ'ವನ್ನು ತಡೆದುಕೊಳ್ಳಲಾಗಲಿಲ್ಲ. ನಾಲ್ಕನೆಯ ಫಾರಮ್ಮಿನ ಮುನ್ನೂರು ಹಾಳೆಗಳನ್ನೂ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಯನ್ನು ಜೇಬಿಗೆ ಸೇರಿಸಿದೆ.

ಮೌನಿ ಕಣ್ಣರಳಿಸಿದಳು. "ಅಕ್ಕಾ, ಮೂರಾದ ಮೇಲೆ ಐದು ಬರುತ್ತಾ?"

"ಬರುತ್ತೆ. ಅದೂ ಒಂದು ಲೋಕ. ಹೊಲಿ."

ತಮ್ಮನಿಗೆ ಫೋನ್ ಮಾಡಿ, ನಿನ್ನ ಪುಸ್ತಕದಲ್ಲಿ ನಾಲ್ಕನೆಯ ಫಾರಂ ಇರುವುದಿಲ್ಲ ಎಂದು ಹೇಳಿ ಇಟ್ಟೆ. ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತಾ ಬಂದ. ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಇತ್ತು.

"ಏನಕ್ಕಾ ಇದು? ನಾಳೆ ಬಿಡುಗಡೆ!"

"ಮಾಡು. ಇನ್ನೂ ಹದಿಮೂರು ಫಾರಂ ಇದೆಯಲ್ಲ."

"ಆ ಅಧ್ಯಾಯ ಇಲ್ದಿದ್ರೆ ಪುಸ್ತಕವೇ ಇಲ್ಲ."

"ಗೊತ್ತು. ಓದಿದೆ."

ಅವನ ಮುಖ ಇಳಿಯಿತು. ಮೌನಿಯ ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತು ಕನ್ನಡಕ ತೆಗೆದ. "ನಲವತ್ತು ವರ್ಷದಿಂದ ಆ ಚಪ್ಪಲಿ ನನ್ನ ಎದೆ ಮೇಲೆ ಕೂತಿದೆ ಅಕ್ಕಾ. ನಿನ್ನ ಬದುಕು ಹಾಳು ಮಾಡಿದವನು ನಾನು. ಅದನ್ನ ಒಪ್ಪಿಕೊಳ್ಳೋಕೇ ಬರೆದೆ. ಎಲ್ಲೋ ಒಂದು ಕಡೆ ನೀನು ಆಗಬೇಕಾದ್ದು ಆಗಿದೀಯ ಅಂದ್ಕೊಂಡ್ರೆ ನನಗೆ ನಿದ್ದೆ ಬರುತ್ತೆ."

"ನಿನಗೆ ನಿದ್ದೆ ಬರ್ಲಿ ಅಂತ ನಾನು ಹಾಳಾಗಿರಬೇಕಾ?"

ಕನ್ನಡಕವಿಲ್ಲದ ಅವನ ಮುಖದಲ್ಲಿ ಆ ಹತ್ತು ವರ್ಷದ ಹುಡುಗ ಕಂಡ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅಕ್ಕರೆಯೂ ಉಕ್ಕಿತು. ಅದರ ಜೊತೆಗೆ ಭಯವೂ ಆಯಿತು, ಏಕೆಂದರೆ ಈ ಬದುಕು ನನ್ನದೇ ಎಂದು ಎದೆ ತಟ್ಟಿ ಹೇಳಬೇಕಾದರೆ, ಇಷ್ಟು ವರ್ಷ ಮುಚ್ಚಿಟ್ಟ ಸುಳ್ಳೂ ನನ್ನದೇ ಎಂದು ಹೇಳಬೇಕಿತ್ತು.

"ಚಪ್ಪಲಿ ಸಿಕ್ಕಿತ್ತು ಕಣೋ" ಎಂದೆ.

"ಏನು?"

"ನೀನು ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ ಇಟ್ಟಿದ್ದೆ. ಹುಡುಕೋಕೆ ಎರಡು ನಿಮಿಷ ಹಿಡೀಲಿಲ್ಲ. ಹಾಕ್ಕೊಂಡು ಬಸ್‌ಸ್ಟಾಪಿಗೆ ಹೋದೆ. ಬಸ್ಸು ನಿಂತಿತ್ತು. ಕಂಡಕ್ಟರ್ ಬಾಗಿಲು ಬಡಿದು, ಹತ್ತಮ್ಮಾ ಹೊರಡ್ತಿದೀವಿ ಅಂದ. ನಾನು ಹತ್ತಲಿಲ್ಲ."

ಹೊಲಿಯುತ್ತಿದ್ದ ಮೌನಿಯ ಕೈ ನಿಂತಿತು. ಬಾಯಿಯೂ ನಿಂತಿತ್ತು.

"ಯಾಕೆ?" ಎಂದ ತಮ್ಮ.

ಯಾಕೆ ಎಂದರೆ ಇದೇ ಅಂಗಡಿ. ಆಗ ಇದು ಹಳೆಯ ಯಜಮಾನರದಾಗಿತ್ತು, ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು. ದಿನವೂ ಶಾಲೆ ಬಿಟ್ಟ ಮೇಲೆ ನಾನು ಇಲ್ಲಿ ಬಂದು ಕೂರುತ್ತಿದ್ದೆ. ಯಜಮಾನರು ಕೈಗೆ ದಬ್ಬಳ ಕೊಟ್ಟರು, ಮಡಿಕೆ ತೀಡುವ ಮೂಳೆಯ ಪಟ್ಟಿ ಕೊಟ್ಟರು, ಒಂದು ಮಾತೂ ಆಡದೆ ಕೆಲಸ ಕಲಿಸಿದರು. ಗಣಿತ ನನಗೆ ಬರುತ್ತಿತ್ತು, ಬೇಕಿರಲಿಲ್ಲ. ಬೇಕಾಗಿದ್ದದ್ದು ಅಪ್ಪನಿಗೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಅಂಚೆಚೀಟಿ ಮಾರುತ್ತಲೇ ಅಪ್ಪ ಅರ್ಧ ಊರಿಗೆ, ಮಗಳು ಪ್ರೊಫೆಸರ್ ಆಗುತ್ತಾಳೆ ಎಂದು ಹೇಳಿ ಮುಗಿಸಿದ್ದರು.

"ಬಸ್ಸಿನ ಮುಂದೆ ನಿಂತು ಪರೀಕ್ಷೆಯ ಪ್ರವೇಶ ಪತ್ರ ತೆಗೆದೆ" ಎಂದು ತಮ್ಮನಿಗೆ ಹೇಳಿದೆ. "ಅದನ್ನ ಮಡಚಿದೆ, ಇನ್ನೊಂದು ಸಲ ಮಡಚಿದೆ, ಮತ್ತೊಂದು ಸಲ. ಉಗುರಲ್ಲಿ ತೀಡಿದೆ. ಮಡಿಕೆ ಎಷ್ಟು ನೇರ ಬಂದಿತ್ತು ಗೊತ್ತಾ? ಅದರೊಳಗೆ ಬರೆದಿದ್ದಕ್ಕಿಂತ ನನಗೆ ಆ ಮಡಿಕೆನೇ ಇಷ್ಟ ಆಯ್ತು. ಬಸ್ಸು ಹೋಯ್ತು. ಹೋಗ್ಲಿ ಅಂತ ನಿಂತು ನೋಡ್ದೆ. ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನಾನು ಅತ್ತಿಲ್ಲ."

ತಮ್ಮ ತಲೆಯಾಡಿಸಿದ. "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನೀನು ಯಾವಾಗ್ಲೂ ಹೀಗೇ. ಡ್ರಮ್ಮಿನ ಹಿಂದೆ ಅನ್ನೋದು ಆವತ್ತು ಅಪ್ಪ ನನ್ನ ಬಾಯಿ ಬಿಡಿಸಿದ ಮೇಲೆ ಮನೆಯೋರಿಗೆಲ್ಲ ಗೊತ್ತಾಯ್ತು."

"ಆವತ್ತು ಸ್ಟಾಪಿನ ಹತ್ರ ಹೊಸದಾಗಿ ಟಾರು ಹಾಕಿದ್ರು" ಎಂದೆ.

ಅವನು ಕನ್ನಡಕ ಒರೆಸುತ್ತಿದ್ದ. ಒರೆಸುವುದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

"ಸೀಮೆಎಣ್ಣೆ" ಎಂದ ತನಗೆ ತಾನೇ. "ಮಾರನೇ ದಿನ ಚಪ್ಪಲಿ ತೆಗೆದಾಗ ಅಡಿಯಲ್ಲೆಲ್ಲ ಟಾರು ಅಂಟಿತ್ತು. ಅದಕ್ಕೂ ಬೈತಾರೆ ಅಂತ ಸೀಮೆಎಣ್ಣೆ ಹಾಕಿ ಉಜ್ಜಿದೆ. ಅದು ಎಲ್ಲಿಂದ ಬಂತು ಅಂತ ಯೋಚನೆನೇ ಮಾಡ್ಲಿಲ್ಲ." ಹೊರಗಿನ ಮೆಟ್ಟಿಲ ಕಡೆ ನೋಡಿದ. ನಾನೂ ನೋಡಿದೆ. ಡ್ರಮ್ಮು ಹೋಗಿ ಯಾವ ಕಾಲವಾಯಿತೋ, ಈಗ ಅಲ್ಲಿ ಮೌನಿಯ ಸೈಕಲ್ಲು ನಿಲ್ಲುತ್ತದೆ.

"ಅಂದ್ರೆ ನೀನು ವಾಪಸ್ಸು ಬಂದು, ಚಪ್ಪಲೀನ ಅಲ್ಲೇ ಇಟ್ಟೆ."

"ಇಟ್ಟೆ. ಸಿಗಲಿಲ್ಲ ಅಂತ ಅಪ್ಪನಿಗೆ ಹೇಳ್ದೆ. ಇಷ್ಟ ಇಲ್ಲ ಅಂತ ಹೇಳೋ ಧೈರ್ಯ ಇರಲಿಲ್ಲ."

"ನಾನು ಬೆಲ್ಟಿನೇಟು ತಿಂದೆ ಅಕ್ಕಾ. ನೀನು ಮನೇಲೇ ಇದ್ದೆ." ಅವನ ದನಿ ಏರಿತು. ನನ್ನ ಮೇಲೆ ಅವನು ದನಿ ಏರಿಸಿದ್ದು ಅದೇ ಮೊದಲು.

"ಇದ್ದೆ. ಬಾಗಿಲ ಹಿಂದೆ ನಿಂತು ಎಣಿಸಿದೆ. ಆರು."

"ಏಳು" ಎಂದ.

"ತಪ್ಪಾಯ್ತು ಕಣೋ" ಎಂದೆ. "ಆ ಏಟು ನನಗೆ ಬೀಳಬೇಕಾಗಿತ್ತು. ಚಿಕ್ಕ ಮಗು ಮೇಲೆ ಹಾಕಿ ನಾನು ತಪ್ಪಿಸಿಕೊಂಡೆ. ಅದಕ್ಕೆ ನಾಚಿಕೆ ಇದೆ, ಸಾಯೋವರೆಗೂ ಇರುತ್ತೆ. ಆದರೆ ಬಸ್ಸು ಬಿಟ್ಟಿದ್ದಕ್ಕೆ ಇಲ್ಲ. ಅದೆರಡನ್ನೂ ಸೇರಿಸಿ ಹೊಲೀಬೇಡ."

ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಾ ಬರಲಿ, ಬರಲಿ ಎಂದು ಕೂಗುತ್ತಿದ್ದರು. ತಮ್ಮ ಎದ್ದು ಎರಡು ಸುತ್ತು ಓಡಾಡಿದ. ಸಿಟ್ಟು ಇಳಿಯುತ್ತಿದ್ದಂತೆ ಅವನೊಳಗಿನ ಮೇಷ್ಟ್ರು ಎದ್ದು ಕೂತದ್ದು ನನಗೆ ಗೊತ್ತಾಯಿತು.

"ಆಯ್ತು, ಚಪ್ಪಲಿಯಿಂದ ಆಗಿದ್ದಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೂ ನೀನು ಬಸ್ಸು ಹತ್ತಿದ ಲೋಕ ಇರೋಕೆ ಏನಡ್ಡಿ? ಅದು ಆಗಬಹುದಾಗಿತ್ತಲ್ಲ."

"ಇಲ್ಲಿ ಬಾ" ಎಂದೆ. "ನೀನು ಬರೆದಿರೋದು ಏನು? ಚಪ್ಪಲಿ ಒಂದನ್ನ ಅದರ ಜಾಗದಲ್ಲಿಡು, ಮಿಕ್ಕಿದ್ದೆಲ್ಲ ಹಾಗೇ ಇರ್ಲಿ, ಆಗ ಅಕ್ಕ ಗಣಿತಜ್ಞೆ. ಸರಿ, ಇಡು. ಬಸ್ಸು ಬರುತ್ತೆ, ಕಂಡಕ್ಟರ್ ಕರೀತಾನೆ, ನಾನು ಹತ್ತಲ್ಲ. ಹತ್ತಿಸಲೇಬೇಕು ಅಂದ್ರೆ ಚಪ್ಪಲಿ ಬದಲಾಯಿಸಿದ್ರೆ ಸಾಲದು, ನನ್ನನ್ನೇ ಬದಲಾಯಿಸಬೇಕು. ಈ ಅಂಗಡಿ ವಾಸನೆ ಹಿಡಿಸದೋಳು, ಅಪ್ಪನ ಮಾತು ಮೀರದೋಳು ಬೇಕು. ಅಂಥೋಳೊಬ್ಬಳು ಇದ್ರೆ ಇರ್ಲಿ. ಹತ್ತಲಿ, ಹೋಗಲಿ, ದೊಡ್ಡ ಹೆಸರು ಮಾಡಲಿ. ನನಗೇನೂ ಹೊಟ್ಟೆಯುರಿ ಇಲ್ಲ. ಆದರೆ ಅವಳ ಪಕ್ಕದಲ್ಲಿ ನನ್ನ ನಿಲ್ಲಿಸಿ ಪಾಪ ಅನ್ನೋಕೆ ನಿನಗೆ ಯಾರು ಅಧಿಕಾರ ಕೊಟ್ಟೋರು? ನಿನ್ನ ಪುಸ್ತಕದ ಪ್ರಕಾರವೇ ಎಲ್ಲಾ ಲೋಕನೂ ಅಷ್ಟಷ್ಟೇ ನಿಜ ತಾನೇ? ಮತ್ತೆ ನನ್ನದು ಹೇಗೋ ಕಳಪೆ ಮಾಲಾಯ್ತು?"

ಅವನು ಉತ್ತರ ಕೊಡಲು ಮೂರು ಸಲ ಹೊರಟ. ಮೂರನೆಯ ಸಲ ನಕ್ಕುಬಿಟ್ಟ. ಸೋತಾಗ ನಗುವುದು ಅವನಲ್ಲಿರುವ ಒಳ್ಳೆಯ ಗುಣ. "ಆ ಉದಾಹರಣೆ ನಿಲ್ಲಲ್ಲ" ಎಂದ. "ವಾದಕ್ಕೇನೂ ಆಗಿಲ್ಲ, ಉದಾಹರಣೆ ಮಾತ್ರ ಬಿದ್ದುಹೋಯ್ತು. ಏನ್ಮಾಡೋದು ಈಗ? ಮತ್ತೆ ಅಚ್ಚು ಹಾಕಿಸೋಕೆ ಸಮಯ ಇಲ್ಲ."

"ಚೀಟಿ ಅಂಟಿಸೋಣ. ಕೂತ್ಕೋ, ಬರಿ."

ಸರಿ, ಬರೆದ. 'ತಿದ್ದುಪಡಿ. ಪುಟ ೫೩: "ಚಪ್ಪಲಿ ಸಿಗದೆ ಅವಳಿಗೆ ಬಸ್ಸು ತಪ್ಪಿಹೋಯಿತು" ಎಂದಿರುವಲ್ಲಿ "ಚಪ್ಪಲಿ ಸಿಕ್ಕಿತು. ಬಸ್ಸು ಕಾದಿತ್ತು. ಅವಳು ಹತ್ತಲಿಲ್ಲ" ಎಂದು ಓದಿಕೊಳ್ಳಬೇಕು.'

"ಏಟಿನ ವಿಷಯಾನೂ ಹಾಕು" ಎಂದೆ.

"ಅದನ್ನ ನಾನು ಪುಸ್ತಕದಲ್ಲಿ ಬರೆದೇ ಇಲ್ಲ ಅಕ್ಕಾ. ಇಲ್ಲದ್ದನ್ನ ತಿದ್ದೋದು ಹೇಗೆ?" ತಲೆ ಎತ್ತದೆ ಹೇಳಿದ. "ನನಗೆ ಹೇಳಿದೆಯಲ್ಲ. ಸಾಕು."

"ಹಾಗಾದ್ರೆ ಇನ್ನೊಂದು ಸಾಲು. ಪುಟ ೫೪: 'ಪಾಪ' ಎಂಬ ಪದವನ್ನು ಹೊಡೆದುಹಾಕಬೇಕು."

ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ ಮುನ್ನೂರು ಚೀಟಿ ತೆಗೆಸಿದೆವು. ಕಪಾಟಿನ ಬೀಗ ತೆಗೆದು ನಾಲ್ಕನೆಯ ಫಾರಮ್ಮಿನ ಹಾಳೆಗಳನ್ನು ಹೊರಗೆ ತಂದೆ. ನಾನು ಮಡಚಿದೆ, ತಮ್ಮ ಐವತ್ತಮೂರನೆಯ ಪುಟದ ಅಂಚಿಗೆ ಅಂಟು ಸವರಿ ಚೀಟಿ ಹಚ್ಚಿದ, ಮೌನಿ ಹೊಲಿದಳು. ಅವನು ಹಚ್ಚಿದ್ದರಲ್ಲಿ ಅರ್ಧ ಸೊಟ್ಟ. ಅಂಟು ಅಂಗೈಯಿಂದ ಮೊಣಕೈವರೆಗೆ ಬಂದಿತ್ತು. ಮೌನಿಗೆ ಕಳೆದುಹೋಗಿದ್ದ ಬಾಯಿ ಮರಳಿ ಬಂತು, ತನ್ನ ಮಂಡಿಯ ಬಗ್ಗೆಯೂ ಒಂದು ತಿದ್ದುಪಡಿ ಹಾಕಬೇಕಿತ್ತು ಎಂದು ಗೊಣಗಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೂರು ಪುಸ್ತಕ ಸಿದ್ಧವಾಗಿದ್ದವು. ತಮ್ಮ ಒಂದನ್ನು ಕೈಗೆತ್ತಿಕೊಂಡು ಬೆನ್ನು ಸವರಿದ, ತೆರೆದ, ಮುಚ್ಚಿದ. ಹೊಲಿಗೆ ಕಾಣದ ಹಾಗೆ ಪುಟ ಬಿಚ್ಚಿ ಹಾಸಿಕೊಂಡಿತು. ಅವನು ಅದನ್ನು ನೋಡುತ್ತಲೇ ಕೇಳಿದ.

"ಅಕ್ಕಾ, ಬಸ್ಸು ಹತ್ತಿದೋಳು ಇದಾಳೆ ಅಂತಾನೇ ಇಟ್ಕೋ. ಗಣಿತಜ್ಞೆ. ಇವತ್ತು ಈ ಬಾಗಿಲಲ್ಲಿ ಬಂದು ನಿಂತ್ರೆ ಏನು ಹೇಳ್ತೀಯ?"

ನಾನು ದಾರವನ್ನು ಹಲ್ಲಿನಲ್ಲಿ ಕಡಿದೆ.

"ಅವಳು ಬರೆದಿರೋ ಪುಸ್ತಕ ಇದ್ರೆ ಕೊಟ್ಟು ಹೋಗು ಅಂತೀನಿ. ಬೈಂಡ್ ಮಾಡಿಕೊಡ್ತೀನಿ. ಪಾಪ, ಅವಳಿಗೆಲ್ಲಿ ಬರುತ್ತೆ ಹೊಲಿಯೋಕೆ."