ಆರನೇ ನಂಬರಿನ ಜಾಗ

ನಮ್ಮಲ್ಲಿ ಬೆಳಿಗ್ಗೆ ಆಟಗಾರರ ಕೋಣೆಗೆ ಕಾಲಿಟ್ಟವನು ಮೊದಲು ಮಾಡುವ ಕೆಲಸ ಕೈ ಕುಲುಕುವುದು. ಒಳಗಿರುವ ಒಬ್ಬೊಬ್ಬನ ಬಳಿಗೂ ಹೋಗಬೇಕು. ಬೂಟಿನ ದಾರ ಕಟ್ಟುತ್ತಿದ್ದರೆ ಕಾಯಬೇಕು. ಸ್ನಾನ ಮಾಡಿ ಬಂದವನು ಒದ್ದೆ ಕೈಯೆಂದು ಮಣಿಕಟ್ಟು ಚಾಚಿದರೆ ಅದನ್ನೇ ಹಿಡಿದು ಅಲುಗಿಸಬೇಕು. ಒಬ್ಬನನ್ನು ಬಿಟ್ಟು ಮುಂದೆ ಹೋದರೆ ಅವಮಾನ. ಒಬ್ಬನಿಗೇ ಎರಡು ಸಲ ಕುಲುಕಿದರೆ ಅದಕ್ಕಿಂತ ದೊಡ್ಡ ಅವಮಾನ, ಏಕೆಂದರೆ ಮೊದಲ ಸಲ ನೀನು ಅವನ ಮುಖವನ್ನೇ ನೋಡಿರಲಿಲ್ಲ ಎಂದಾಯಿತು. ಬ್ರಿಟಾನಿ ಸೀಮೆಯ ಈ ಸಣ್ಣ ಬಂದರಿನ ಫುಟ್‌ಬಾಲ್ ಕ್ಲಬ್ಬಿಗೆ ವರ್ಷಗಟ್ಟಲೆ ಗೋಲು ಕಾದವನು ನಾನು, ಹೆಸರು ಎರ್ವೆ. ಈಗ ಗೋಲ್‌ಕೀಪರ್‌ಗಳಿಗೆ ಹೇಳಿಕೊಡುತ್ತೇನೆ. ಈ ಪದ್ಧತಿಯಲ್ಲಿ ಯಾರೂ ತಪ್ಪುವುದನ್ನು ನಾನು ನೋಡಿರಲಿಲ್ಲ. ಹಾಗಾಗಿ ಆ ಬೆಳಿಗ್ಗೆ ಸೆಕು ಆಡಿದ ಮಾತು ನನಗೆ ತಮಾಷೆಯಾಗಿ ಕೇಳಿಸಲಿಲ್ಲ.

ಸೆಕು ಹೊಸ ಹುಡುಗ, ಪ್ಯಾರಿಸ್ಸಿನ ಹೊರವಲಯದವನು. ನಮ್ಮ ಕೋಚ್ ಗಿಲ್ದಾಸ್ ಆಗತಾನೇ ಬಾಗಿಲು ತೆರೆದು ಬಂದು ಅವನ ಮುಂದೆ ಕೈ ಚಾಚಿದ.

"ಆಗ್ಲೇ ಕುಲುಕಿದ್ರಲ್ಲ ಕೋಚ್," ಅಂದ ಸೆಕು.

"ಯಾವಾಗ?"

"ಈಗಷ್ಟೇ. ಆ ಮೂಲೇಲಿ ಕೂತಿದ್ರಿ. ಬೂಟು, ಜೆರ್ಸಿ ಎಲ್ಲಾ ಹಾಕ್ಕೊಂಡು."

ಎಲ್ಲರೂ ಗೊಳ್ಳೆಂದು ನಕ್ಕರು. "ಲೋ, ರಾತ್ರಿ ಎಷ್ಟು ಸೈಡರ್ ಏರಿಸಿದ್ಯೋ?" ಎಂದು ಯಾರೋ ಛೇಡಿಸಿದರು. ಗಿಲ್ದಾಸ್ ಮಾತ್ರ ನಗಲಿಲ್ಲ. ಮೂಲೆಯ ಆ ಜಾಗ ಅವನದೇ ಆಗಿತ್ತು. ಹೋದ ವಸಂತದವರೆಗೂ ಆರನೇ ನಂಬರಿನ ಜೆರ್ಸಿ ತೊಟ್ಟು, ನಾಯಕನ ಪಟ್ಟಿ ಕಟ್ಟಿ ಅಲ್ಲೇ ಕೂರುತ್ತಿದ್ದ. ಮಂಡಿ ಕೈಕೊಟ್ಟ ಮೇಲೆ ಆಡಳಿತದವರು ಅವನನ್ನೇ ಕೋಚ್ ಮಾಡಿದರು. ಜೆರ್ಸಿ ಸೆಕುವಿಗೆ ಹೋಯಿತು, ಜಾಗ ಹೋಗಲಿಲ್ಲ. "ಅಲ್ಲಿ ಯಾರೂ ಕೂರೋದು ಬೇಡ, ಆಮೇಲೆ ನೋಡೋಣ," ಎಂದು ಗಿಲ್ದಾಸ್ ತಳ್ಳುತ್ತಲೇ ಬಂದಿದ್ದ.

ನಮ್ಮ ದೇಶದಲ್ಲಿ ಆಟ ಬಿಟ್ಟವರಲ್ಲಿ ಅರ್ಧ ಮಂದಿ ಬಾರು ತೆರೆಯುತ್ತಾರೆ, ಇನ್ನರ್ಧ ಮಂದಿ ಆ ಬಾರಿನಲ್ಲಿ ಕೂರುತ್ತಾರೆ. ಎರಡೂ ಬೇಡವೆನ್ನುವ ಹಟಮಾರಿ ಕೋಚ್ ಆಗುತ್ತಾನೆ. ಮೊದಲ ಕೆಲಸದಲ್ಲೇ ಮುಗ್ಗರಿಸಿದರೆ ಎರಡನೇ ಕರೆ ಬರುವುದಿಲ್ಲ. ನಾವೋ ಸೋತ ಮೇಲೆ ಸೋಲುತ್ತಿದ್ದೆವು. ಗೆಲ್ಲುವಂತಿದ್ದ ಪಂದ್ಯಗಳಲ್ಲೂ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷೆ ಮದಾಮ್ ಲ ಬಿಹಾನ್ ಸಾರ್ಡೀನ್ ಮೀನಿನ ಕಾರ್ಖಾನೆ ನಡೆಸುವ ಹೆಂಗಸು, ಮಾತು ಕತ್ತರಿಸಿದಂತೆ. ಆ ವಾರ ಎಲ್ಲರ ಎದುರಿಗೇ ಹೇಳಿಬಿಟ್ಟರು. "ಶನಿವಾರ ಗೆಲ್ಲು ಗಿಲ್ದಾಸ್. ಇಲ್ಲಾಂದ್ರೆ ಸೋಮವಾರ ಬರೋ ತೊಂದರೆ ತಗೋಬೇಡ."

ಸೋಲಿನ ಕಾರಣ ಆಟಗಾರರಿಗೆ ಗೊತ್ತಿತ್ತು, ಹೇಳಲು ಹೆದರುತ್ತಿದ್ದರು. ಕೊನೆಗೆ ಸೆಕು ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಬೈಬೇಡ. ಆಡುವಾಗ ಯಾರೋ ನನ್ನ ಬೆನ್ನ ಹಿಂದೆ ಕೂಗ್ತಾರೆ. 'ಬಿಡು, ನನ್ನದು' ಅಂತ. ಕೋಚ್ ದನೀನೇ. ನಾನು ಚೆಂಡು ಬಿಟ್ಬಿಡ್ತೀನಿ. ತಿರುಗಿ ನೋಡಿದ್ರೆ ಯಾರೂ ಇರಲ್ಲ, ಕೋಚ್ ಗೆರೆ ಆಚೆ ಬಾಯಿ ಮುಚ್ಕೊಂಡು ನಿಂತಿರ್ತಾರೆ."

"ನಿಂಗೊಬ್ಬನಿಗೇನಾ?"

"ಎಲ್ರಿಗೂ. ಕೇಳಿ ನೋಡು."

ನಾನು ಕೇಳಲಿಲ್ಲ. ಕೇಳಿದರೆ ಹೌದೆಂದುಬಿಡುತ್ತಾರೆಂಬ ಭಯ.

ಶುಕ್ರವಾರ ಬೆಳಿಗ್ಗೆ ಕಡಲ ಮಂಜು ಮೈದಾನದ ಮೇಲೆ ಕೂತಿತ್ತು. ಚೆಂಡುಗಳಿಗೆ ಗಾಳಿ ತುಂಬಲೆಂದು ನಾನು ಬೇಗ ಬಂದೆ. ಮೂಲೆಯಲ್ಲೊಬ್ಬ ಕೂತಿದ್ದ. ಚೆಂಡಿನ ಚೀಲ ಹುಡುಕುತ್ತಲೇ, ಅಭ್ಯಾಸಬಲದಿಂದ ಹೋಗಿ ಕೈ ಕುಲುಕಿದೆ. ಅವನು ಕೈಯನ್ನು ಜಗ್ಗಿ ಜಗ್ಗಿ ಕುಲುಕಿ, "ಏನೋ ಮುದುಕಾ, ಇನ್ನೂ ಹೋಗಿಲ್ವಾ?" ಅಂದ.

"ನಿನ್ನ ಮಣ್ಣು ಮಾಡಿಯೇ ಹೋಗೋದು," ಎಂದೆ. ನಮ್ಮಿಬ್ಬರ ಬೆಳಗಿನ ಮಂತ್ರ ಅದು. ಕೋಚ್ ಆದ ಮೇಲೆ ಗಿಲ್ದಾಸ್ ಅದನ್ನು ಮರೆತೇಬಿಟ್ಟಿದ್ದ, ಮತ್ತೆ ಕೇಳಿ ನನಗೆ ಹಿತವಾಯಿತು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಗಿಲ್ದಾಸ್, ಉದ್ದನೆಯ ಕೋಟು ತೊಟ್ಟು, ಮಂಡಿ ಎಳೆಯುತ್ತ ಮಂಜಿನೊಳಗಿಂದ ಬರುತ್ತಿದ್ದ. ತಿರುಗುವಷ್ಟರಲ್ಲಿ ಬೆಂಚು ಬರಿದಾಗಿತ್ತು. ಕೆಳಗೆ ಬೂಟಿನಿಂದ ಉದುರಿದ ಹಸಿ ಹುಲ್ಲು, ಮಣ್ಣು ಬಿದ್ದಿತ್ತು. ನನ್ನ ಅಂಗೈ ಹಿಮ ಹಿಡಿದಂತೆ ಮರಗಟ್ಟಿತ್ತು.

ಗಿಲ್ದಾಸನನ್ನು ಅವನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ನಾನು ಬಾಯಿ ತೆರೆಯುವ ಮೊದಲೇ ಅವನೆಂದ, "ನಿಂಗೂ ಸಿಕ್ನಾ?"

"ನಿಂಗೆ ಗೊತ್ತಿತ್ತಾ?"

"ದಿನಾ ನೋಡ್ತೀನಿ ಕಣೋ. ಎಲ್ರ ಕೈಯನ್ನೂ ಕುಲುಕ್ತೀನಿ, ಅವನ ಮುಂದೆ ಬಂದಾಗ ಮುಖ ತಿರುಗಿಸ್ಕೊಂಡು ಹೋಗ್ತೀನಿ. ಒಂದು ದಿನಾನೂ ಕುಲುಕಿಲ್ಲ."

ಇಂಥ ಅವಮಾನವನ್ನು ನಾನು ಶತ್ರುವಿಗೂ ಮಾಡುವುದಿಲ್ಲ. ಕೋಪವೇ ಬಂತು. "ಯಾಕೋ?"

"ಕೈ ಹಿಡಿದ್ರೆ ಹೇಳ್ಬೇಕಾಗುತ್ತಲ್ಲ, ನಿನ್ನನ್ನ ಆಡಿಸಲ್ಲ ಅಂತ."

ತಂಡದಿಂದ ಕೈಬಿಟ್ಟವನಿಗೆ ಕೋಚ್ ಆ ಮಾತನ್ನು ಮುಖಕ್ಕೆ ಮುಖ ಕೊಟ್ಟೇ ಹೇಳಬೇಕು. "ಹಾಗಾದ್ರೆ ಹೇಳು," ಎಂದೆ. "ಒಬ್ಬನ್ನ ಹೊರಗೆ ಕೂರಿಸೋ ಗುಂಡಿಗೆ ಇಲ್ಲದವನು ಎಂಥ ಕೋಚೋ? ನಾಳೆ ಸೋತ್ರೆ ನಿನ್ನ ಕಥೆ ಮುಗೀತು."

"ಅವನು ಬರಿಗೈಲಿ ಹೋಗಲ್ಲ ಎರ್ವೆ. ಅವನದ್ದನ್ನೆಲ್ಲ ತಗೊಂಡೇ ಹೋಗ್ತಾನೆ."

"ಏನಿದೆ ಅವನದ್ದು? ಹಳೇ ಬೂಟು, ಹರಿದ ಮಂಡಿ. ಹೊತ್ಕೊಂಡು ಹೋಗ್ಲಿ ಬಿಡು."

ಗಿಲ್ದಾಸ್ ನನ್ನನ್ನೇ ನೋಡಿದ. ಅಷ್ಟು ಹೊತ್ತು ಅವನು ನನ್ನನ್ನು ಎಂದೂ ನೋಡಿರಲಿಲ್ಲ. ಎಷ್ಟೋ ವರ್ಷ ಗೋಲಿನಲ್ಲಿ ನಿಂತು ನಾನು ಕಂಡದ್ದು ಅವನ ಬೆನ್ನನ್ನು. ನನ್ನಪ್ಪ ಸತ್ತಾಗ ಶವಪೆಟ್ಟಿಗೆಗೆ ನನ್ನ ಮುಂದೆ ಹೆಗಲು ಕೊಟ್ಟ ಬೆನ್ನೂ ಅದೇ. "ಸರಿ," ಎಂದಷ್ಟೇ ಹೇಳಿ ಅವನು ಎದ್ದುಹೋದ.

ಶನಿವಾರ ಮಧ್ಯಾಹ್ನ ಹುಡುಗರೆಲ್ಲ ಮೈ ಬಿಸಿ ಮಾಡಿಕೊಳ್ಳಲು ಮೈದಾನಕ್ಕಿಳಿದಿದ್ದರು. ಹೊರಗೆ ದೋಸೆಯಂಥ ಗಲೆತ್‌ನಲ್ಲಿ ಸಾಸೇಜು ಸುತ್ತಿ ಮಾರುವವರ ಕೂಗು ಕೇಳುತ್ತಿತ್ತು. ನಾನು ಕೋಣೆಯ ಬಾಗಿಲಲ್ಲಿ ನಿಂತೆ. ಗಿಲ್ದಾಸ್ ಒಬ್ಬನೇ ಒಳಗೆ ನಡೆದು ಮೂಲೆಯ ಮುಂದೆ ನಿಂತ. ನನಗೆ ಬೆಂಚಿನ ಮೇಲೆ ಯಾರೂ ಕಾಣಲಿಲ್ಲ. ಅವನು ಕೈ ಚಾಚಿದ. ಮರುಕ್ಷಣ ಅವನ ತೋಳು ಜಗ್ಗಿ ಜಗ್ಗಿ ಕುಲುಕಿತು, ಆಚೆಯಿಂದ ಯಾರೋ ಎಳೆದ ಹಾಗೆ.

"ಇವತ್ತು ನಿನ್ನನ್ನ ಆಡಿಸ್ತಿಲ್ಲ," ಅಂದ ಗಿಲ್ದಾಸ್. "ಇನ್ಮೇಲೂ ಇಲ್ಲ. ನಿನ್ನ ಜಾಗ ಸೆಕುಗೆ."

ಆಮೇಲೆ ಬೂಟಿನ ಮೊಳೆಗಳು ನೆಲದ ಕಲ್ಲುಹಾಸಿನ ಮೇಲೆ ಟಕಟಕ ಸದ್ದು ಮಾಡುತ್ತ ಬಾಗಿಲಿನ ಕಡೆ ಬಂದವು. ನಾನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆ. ಹಾದುಹೋಗುವಾಗ ಸದ್ದು ನನ್ನ ಮುಂದೆ ಒಂದು ಗಳಿಗೆ ನಿಂತಿತು. ಕರ್ಪೂರದ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ನಂತರ ಮೈದಾನದ ಕಡೆ ತಿರುಗದೆ, ಬೀದಿಯ ಬಾಗಿಲಿನ ಕಡೆಗೆ ಹೊರಟುಹೋಯಿತು.

ಗೆದ್ದೆವು, ಅದೂ ಸಲೀಸಾಗಿ. ಮೈದಾನದಲ್ಲಿ ಯಾವ ದನಿಯೂ ಕೂಗಲಿಲ್ಲವೆಂದು ಸೆಕು ಓಡಿಬಂದು ನನ್ನನ್ನು ತಬ್ಬಿಕೊಂಡ. ಗೆರೆಯಾಚೆ ಗಿಲ್ದಾಸ್ ಮೊದಲ ಸಲ ಕಾಲಾಡಿಸದೆ, ತಾನೇ ಚೆಂಡು ಒದೆಯುವವನಂತೆ ಮುಂದೆ ಬಾಗದೆ, ಇಡೀ ಆಟವನ್ನು ದೂರದಿಂದ ನೋಡುತ್ತ ನಿಂತಿದ್ದ. ಒಳ್ಳೆಯ ಕೋಚ್ ನಿಲ್ಲುವುದೇ ಹಾಗೆ. ನನಗೆ ಕುಣಿಯುವಷ್ಟು ಖುಷಿ. ಅವನು ಯಾರೊಂದಿಗೂ ಕುಡಿಯಲು ಕೂರದೆ ನೇರವಾಗಿ ಮನೆಗೆ ಹೋದ. ದಣಿದಿದ್ದಾನೆಂದುಕೊಂಡೆ.

ಸೋಮವಾರ ಬೆಳಿಗ್ಗೆ ಸೆಕು ಮೂಲೆಯ ಜಾಗದಲ್ಲಿ ಕೂತು ಬೂಟು ಕಟ್ಟುತ್ತಿದ್ದ. ಗಿಲ್ದಾಸ್ ಬಂದು ಸರದಿಯಂತೆ ಒಬ್ಬೊಬ್ಬರ ಕೈ ಕುಲುಕಿ, ಹೆಸರು ಹಿಡಿದು ಮಾತಾಡಿಸಿದ. ಸೆಕುವಿನ ಕೈಯನ್ನೂ ಕುಲುಕಿ ಬೆನ್ನು ತಟ್ಟಿದ. ಕೊನೆಗೆ ನನ್ನ ಮುಂದೆ ನಿಂತು, ಕೈ ಚಾಚಿ, ಪರವೂರಿನವರೆದುರು ನಗುವಂತೆ ಮರ್ಯಾದೆಯಿಂದ ನಕ್ಕ.

"ನಮಸ್ಕಾರ. ನಾನು ಗಿಲ್ದಾಸ್ ಮೊರ್ವಾನ್, ಕೋಚ್. ಗೋಲ್‌ಕೀಪರ್‌ಗಳನ್ನ ನೋಡ್ಕೊಳ್ಳೋರು ನೀವೇ ಅಲ್ವಾ? ಪರಿಚಯ ಆಗೋಕೆ ತಡ ಆಯ್ತು, ತಪ್ಪು ತಿಳ್ಕೋಬೇಡಿ."

ಹುಡುಗರು ನಕ್ಕರು. ನಾನೂ ಅವನ ಮುಖದಲ್ಲಿ ನಗು ಒಡೆಯುವುದನ್ನು ಕಾದೆ. ಒಡೆಯಲಿಲ್ಲ. ಮೊದಲು ನಗು ನಿಲ್ಲಿಸಿದವನು ಸೆಕು. ಆರನೇ ನಂಬರಿನವನು ಹೊತ್ತೊಯ್ದದ್ದು ಬರೀ ಹಳೇ ಬೂಟು, ಹರಿದ ಮಂಡಿಯನ್ನಲ್ಲ ಎಂದು ನನಗೆ ಆಗ ಹೊಳೆಯಿತು.

"ಈ ಕ್ಲಬ್ಬಲ್ಲಿ ತುಂಬಾ ದಿನದಿಂದ ಇದ್ದೀರಾ?" ಎಂದು ಗಿಲ್ದಾಸ್ ಕೇಳಿದ.

ಚಾಚಿದ ಕೈಯನ್ನು ಹಾಗೇ ಬಿಡುವಂತಿಲ್ಲ, ಹಿಡಿದುಕೊಂಡೆ.

"ಹೌದು ಕೋಚ್," ಎಂದೆ, "ತುಂಬಾ ದಿನದಿಂದ."