ಪಕ್ಕದ ಕೋಣೆಯವರು

"ನಗ್ತಾ ಮಾತಾಡಿ. ನಗು ಫೋನಲ್ಲಿ ಕೇಳ್ಸುತ್ತೆ," ಎನ್ನುತ್ತಾ ಮೇಲ್ವಿಚಾರಕಿ ಪ್ರತಿ ಮೇಜಿನ ಮೇಲೂ ಅಂಗೈಯಗಲದ ಒಂದೊಂದು ಕನ್ನಡಿ ಇಡುತ್ತಾ ಬಂದಳು. ಸಂದರ್ಶನದ ಮೂರನೆಯ ಸುತ್ತು. ಬೆಳಿಗ್ಗೆ ಮೂವತ್ತು ಜನ ಬಂದಿದ್ದರು. ಲಿಖಿತ ಪರೀಕ್ಷೆ ಮುಗಿದು, ಪ್ರಿಂಟರ್ ಸುಮ್ಮನಾದರೆ ಮೊದಲು ಏನು ನೋಡುತ್ತೀರಿ, ಸ್ಕ್ರೀನ್ ಕಪ್ಪಾದರೆ ಏನು ಕೇಳುತ್ತೀರಿ ಎಂಬ ಪ್ರಶ್ನೆಗಳೂ ಮುಗಿದು ಹನ್ನೊಂದು ಮಂದಿ ಉಳಿದಿದ್ದರು.

ಉಳಿದವರಲ್ಲಿ ಒಬ್ಬಳಾದ ಅವಳು ತನ್ನ ಮುಂದಿನ ಕನ್ನಡಿಯಲ್ಲಿ ನಕ್ಕು ನೋಡಿಕೊಂಡಳು. ಹಲ್ಲುನೋವಿನವಳಂತೆ ಕಂಡಳು.

"ಇದು ಅಣಕು ಕರೆ," ಮೇಲ್ವಿಚಾರಕಿ ಮುಂದುವರಿಸಿದಳು. "ಪಕ್ಕದ ಕೋಣೆಯಲ್ಲಿ ನಮ್ಮವ್ರೇ ಕೂತಿದಾರೆ. ಗ್ರಾಹಕರ ಥರ ಫೋನ್ ಮಾಡ್ತಾರೆ. ಅಳ್ತಾರೆ, ಬೈತಾರೆ, ಏನೇನೋ ಕಥೆ ಕಟ್ತಾರೆ. ನೀವು ಈ ಹಾಳೆಯಲ್ಲಿರೋದನ್ನ ಬಿಟ್ಟು ಒಂದು ಮಾತಾಡಿದ್ರೂ ಅಲ್ಲಿಗೆ ಮುಗೀತು. ಒಂದು ಕರೆಗೆ ಎಂಟು ನಿಮಿಷ."

ಹಾಳೆಯಲ್ಲಿ ಹದಿನಾಲ್ಕು ವಾಕ್ಯಗಳಿದ್ದವು. ಅವಳು ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡಳು. ಒಂಬತ್ತು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ದುಡಿದವಳು. ಮುಚ್ಚಳ ಬಿಚ್ಚುವ ಮೊದಲೇ ಫ್ಯಾನಿನ ಸದ್ದಿನಲ್ಲಿ ರೋಗ ಹಿಡಿಯುತ್ತಿದ್ದಳು. ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅಕ್ಕನ ಮನೆಯ ಹಜಾರದಲ್ಲಿ ಮಲಗುತ್ತಿದ್ದಳು. ಭಾವ ಒಳ್ಳೆಯವನೇ, ನಗುತ್ತಲೇ ಚುಚ್ಚುತ್ತಿದ್ದ: "ಸೋಫಾ ನಿನ್ನ ಮೈಗೆ ಎಷ್ಟು ಒಗ್ಗಿದೆ ಅಂದ್ರೆ, ನಾನು ಕೂತ್ರೆ ಅದಕ್ಕೇ ಮುಜುಗರ." ಈ ದಿನ ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು ಪಿಸುಗುಟ್ಟಿದ್ದಳು. "ನಿಂಗೆ ಕೈಮುಗಿತೀನಿ ಕಣೇ. ಹೇಳಿದಷ್ಟು ಮಾಡು. ನ್ಯಾಯ ಮಾತಾಡಕ್ಕೆ ಹೋಗ್ಬೇಡ. ಇದೂ ಕೈತಪ್ಪಿದ್ರೆ ನಾನು ಅವ್ರಿಗೆ ಏನಂತ ಹೇಳ್ಲಿ?"

ಕರೆ ಬಂತು. ಸಣ್ಣಪುಟ್ಟ ಅಂಗಡಿಗಳ ಗಿರಾಕಿ ಪಟ್ಟಿ ಕಾದಿಡುವ ಕಂಪನಿ ಅದು. ಸ್ಕ್ರೀನಿನ ಮೇಲೆ ಒಂದು ಟೈಲರ್ ಅಂಗಡಿಯ ವಿವರ ತೆರೆದುಕೊಂಡಿತು.

"ಅಂತೂ ಒಬ್ರು ಮನುಷ್ಯರು ಸಿಕ್ರಿ," ಎಂದಿತು ವಯಸ್ಸಾದ ಹೆಂಗಸಿನ ದನಿ. "ನಲವತ್ತು ನಿಮಿಷ ನಿಮ್ಮ ಹಾಡು ಕೇಳಿದೀನಮ್ಮ. ಈಗ ನಂಗೂ ಬಾಯಿಗೆ ಬರುತ್ತೆ."

ಅವಳಿಗೆ ನಿಜವಾಗಿಯೇ ನಗು ಬಂತು. ಒಳ್ಳೆ ನಟಿಯನ್ನೇ ಕೂರಿಸಿದ್ದಾರೆ ಅಂದುಕೊಂಡಳು.

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಮೇಡಂ. ಹೇಳಿ."

"ನಮ್ಮನೆಯವ್ರು ತೀರ್ಕೊಂಡು ಹದಿನೇಳು ದಿನ ಆಯ್ತು. ಗಿರಾಕಿಗಳ ಅಳತೆ ಎಲ್ಲಾ ಕಂಪ್ಯೂಟರಲ್ಲೇ ಇಟ್ಟಿದ್ರು. ಪಾಸ್‌ವರ್ಡ್ ಮೂರು ಸಲ ಹಾಕಿದೆ, ಬೀಗ ಬಿತ್ತು. ಬಟ್ಟೆ ಕತ್ತರಿಸಿ ಇಟ್ಟೋಗಿದಾರಮ್ಮ, ಇಪ್ಪತ್ತಾರು ಜನರದ್ದು. ಹೊಲಿಯಕ್ಕೆ ನಂಗೆ ಬರುತ್ತೆ. ಯಾವ ತೋಳು ಯಾರದ್ದು ಅಂತ ಗೊತ್ತಾಗ್ತಿಲ್ಲ."

ಆ ಕಡೆ ಕತ್ತರಿ ಮೇಜಿನ ಮೇಲಿಟ್ಟ ಸದ್ದಾಯಿತು. ಏನು ತಯಾರಿ, ಎಂದು ಅವಳು ಬೆರಗಾದಳು. ಹಾಳೆಯ ಒಂಬತ್ತನೆಯ ವಾಕ್ಯದ ಮೇಲೆ ಬೆರಳಿಟ್ಟಳು. "ಖಾತೆದಾರರು ಖುದ್ದಾಗಿ ಲೈನಿಗೆ ಬಂದರೆ ಮಾತ್ರ ಬೀಗ ತೆಗೆಯಲು ಸಾಧ್ಯ ಮೇಡಂ."

"ತೀರ್ಕೊಂಡ್ರು ಅಂದ್ನಲ್ಲಮ್ಮ."

"ಅರ್ಥವಾಯಿತು ಮೇಡಂ. ಅವರು ಯಾವಾಗ ಲಭ್ಯವಿರುತ್ತಾರೆ?"

ಇದು ಹತ್ತನೆಯ ವಾಕ್ಯ. ಸ್ಕ್ರೀನಿನ ಮೂಲೆಯಲ್ಲಿ 'ಖಾತೆದಾರರ ಮರಣ' ಎಂದಿರುವುದು ಅವಳಿಗೆ ಕಂಡಿತ್ತು. ಒತ್ತಿ ನೋಡಿಯೂ ಇದ್ದಳು. ಒಂದು ಅರ್ಜಿ, ಬೇರೊಂದು ವಿಭಾಗದ ನೇರ ನಂಬರು. ಎರಡು ದಿನದಲ್ಲಿ ಬೀಗ ತೆಗೆಯುತ್ತಾರೆಂದು ಬರೆದಿತ್ತು. ತನ್ನನ್ನು ಹಾಳೆಯಿಂದ ಆಚೆ ಎಳೆಯುವ ಬಲೆ ಇದೇ ಇರಬೇಕು ಎಂದುಕೊಂಡು ಅದನ್ನು ಮುಚ್ಚಿದಳು. ಹೆಂಗಸು ಇನ್ನೂ ಎರಡು ಸಲ ಕೇಳಿದಳು. ಅವಳು ಎರಡು ಸಲವೂ ಒಂಬತ್ತನೆಯ ವಾಕ್ಯವನ್ನೇ ಹೇಳಿದಳು. ಕನ್ನಡಿಯಲ್ಲಿ ನಗು ಸ್ವಲ್ಪವೂ ಅಳ್ಳಾಡಲಿಲ್ಲ.

"ನಿನ್ನ ಹತ್ರ ಮಾತಾಡಿ ಏನ್ ಬಂತು ಬಿಡಮ್ಮ," ಎಂದು ಫೋನ್ ಇಟ್ಟಿತು ದನಿ.

ಅರ್ಧ ಗಂಟೆಯ ಬಳಿಕ ಮೇಲ್ವಿಚಾರಕಿ ನಾಲ್ಕು ಜನರ ಮುಂದೆ ನೇಮಕದ ಕಾಗದ ಇಟ್ಟಳು. "ನೀವು ಎಲ್ರಿಗಿಂತ ಚೆನ್ನಾಗಿ ಮಾಡಿದ್ರಿ," ಎಂದು ಅವಳ ಭುಜ ತಟ್ಟಿದಳು. "ಏಳು ನಿಮಿಷ ಹತ್ತು ಸೆಕೆಂಡ್. ಸೋಮವಾರ ಬನ್ನಿ. ಇದನ್ನ ಓದಿ ಸಹಿ ಹಾಕಿ."

ಪಕ್ಕದ ಕುರ್ಚಿಯ ನೀಲಿ ಶರ್ಟಿನವನಿಗೂ ಕೆಲಸ ಸಿಕ್ಕಿತ್ತು. "ನಂಗೊಬ್ಬ ಬೈದ ನೋಡಿ ಅಕ್ಕ, ನಮ್ಮಪ್ಪನೂ ಹಾಗೆ ಬೈದಿಲ್ಲ. ಅವ್ನಿಗೆ ಯಾರಾದ್ರೂ ನಾಟಕದಲ್ಲಿ ಪಾರ್ಟು ಕೊಡ್ಬೇಕು."

ಅವಳಿಗೂ ಆ ಹೆಂಗಸಿಗೊಂದು ಮೆಚ್ಚುಗೆಯ ಮಾತು ಹೇಳಬೇಕೆನಿಸಿತು. ಇನ್ನು ಒಟ್ಟಿಗೆ ಕೆಲಸ ಮಾಡುವವರಲ್ಲವೇ. ಕಾರಿಡಾರಿಗೆ ಹೋಗಿ ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಕಾಲು ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಳೆಯ ಕೀಬೋರ್ಡುಗಳ ರಟ್ಟಿನ ಡಬ್ಬ, ನೆಲದ ತುಂಬ ದಪ್ಪ ಧೂಳು. ಧೂಳಿನ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ. ಇನ್ನೊಂದು ಪಕ್ಕದ್ದು ಶೌಚಾಲಯ.

ಅವಳು ವಾಪಸ್ ಬಂದಾಗ ಮೇಲ್ವಿಚಾರಕಿ ಕನ್ನಡಿಗಳನ್ನು ಒಟ್ಟು ಮಾಡುತ್ತಿದ್ದಳು.

"ಮೇಡಂ, ಆ ಕೋಣೇಲಿ ಯಾರೂ ಇಲ್ಲ."

"ಓ, ಅದಾ." ಕೈ ನಿಲ್ಲಲಿಲ್ಲ. "ನಿಜವಾದ ಕರೆಗಳೇ. ಮೊದಲೇ ಹೇಳಿದ್ರೆ ನೀವೆಲ್ಲ ನಡುಗಿಬಿಡ್ತೀರಿ. ಶನಿವಾರ ನಮ್ಮವ್ರಲ್ಲಿ ಅರ್ಧ ಜನ ಬರಲ್ಲ, ಕರೆಗಳು ಗುಡ್ಡೆ ಬಿದ್ದಿರುತ್ತೆ. ಅದೂ ಖಾಲಿಯಾಗುತ್ತೆ, ನಿಮ್ಮ ಪರೀಕ್ಷೆನೂ ಆಗುತ್ತೆ. ಪ್ರತಿ ವಾರ ಹಿಂಗೇ."

"ಪ್ರತಿ ವಾರ?"

"ಯಾಕೆ, ನಿಮ್ಗೆ ಕೆಲಸ ಸಿಕ್ತಲ್ಲ?"

"ಆಕೆಯ ಗಂಡ ಸತ್ತಿದಾನೆ ಮೇಡಂ! ಅವ್ನು ಯಾವಾಗ ಸಿಗ್ತಾನೆ ಅಂತ ನಗ್ತಾ ಕೇಳ್ದೆ ನಾನು. ಅದಕ್ಕೆ ಬೇರೆ ಅರ್ಜಿ ಇದೆ. ಹಾಳೇಲಿ ಯಾಕಿಲ್ಲ?"

"ಆ ದಾರಿ ವಿವರಿಸಕ್ಕೆ ಹೋದ್ರೆ ಕರೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ನಿಜವಾಗ್ಲೂ ಬೇಕಾದವ್ರು ಮತ್ತೆ ಮಾಡ್ತಾರೆ."

ಆ ಮಾತನ್ನು ಮೇಲ್ವಿಚಾರಕಿ ಕನ್ನಡಿಯ ಧೂಳು ಒರೆಸುತ್ತಾ ಹೇಳಿದ್ದಳು. ನಿರ್ದಯಿಯೂ ಅಲ್ಲ, ಮಧ್ಯಾಹ್ನ ಎಲ್ಲರಿಗೂ ತನ್ನ ಡಬ್ಬದಿಂದ ಬಿಸ್ಕತ್ತು ಹಂಚಿದ್ದವಳು. ಅವಳಿಗೆ ಬೈಯಲು ಒಂದು ಮುಖ ಸಿಕ್ಕಿದ್ದರೆ ವಾಸಿಯಿತ್ತು. ಸಿಕ್ಕ ಮುಖವೆಂದರೆ ಏಳು ನಿಮಿಷ ಹತ್ತು ಸೆಕೆಂಡ್ ನಕ್ಕ ತನ್ನದೇ.

"ಆ ಅಮ್ಮನಿಗೆ ವಾಪಸ್ ಫೋನ್ ಮಾಡ್ಬೇಕು ನಾನು."

"ಆ ದೂರು ಮುಗಿದಿದೆ ಅಂತ ದಾಖಲಾಗಿದೆ. ತೆರೆಯಕ್ಕಾಗಲ್ಲ."

"ಮುಗಿದಿಲ್ವಲ್ಲ."

"ಬಿಡಿ ಅಕ್ಕ," ನೀಲಿ ಶರ್ಟಿನವನು ಕುರ್ಚಿ ಹತ್ತಿರ ಎಳೆದುಕೊಂಡ. "ನಂಗೆ ಬೈದೋನು ಪಾಪ ನಿಜವಾಗ್ಲೂ ಬೈದಿದಾನೆ ಅಂತಾಯ್ತು ಈಗ. ಏನ್ಮಾಡಣ? ಸಹಿ ಹಾಕಿ, ಹೋಗಣ."

ಅವನು ಸಹಿ ಹಾಕಿ ಪೆನ್ನನ್ನು ಅವಳತ್ತ ಚಾಚಿದ. ಅಕ್ಕ ಈ ಹೊತ್ತಿಗೆ ಫೋನ್ ಕೈಯಲ್ಲೇ ಹಿಡಿದು ಓಡಾಡುತ್ತಿರುತ್ತಾಳೆ. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ತಾನು ಕೂತಿದ್ದ ಮೇಜಿಗೆ ಹೋದಳು. ಯಂತ್ರ ಇನ್ನೂ ಆರಿರಲಿಲ್ಲ. ಹೆಡ್‌ಫೋನ್ ತಲೆಗೇರಿಸಿ, ಆಗ ಮುಚ್ಚಿದ್ದ ಅರ್ಜಿಯ ಪುಟವನ್ನು ಮತ್ತೆ ತೆರೆದು, ಕೊನೆಯ ಕರೆಯ ನಂಬರು ಹುಡುಕಿದಳು.

"ಅದನ್ನ ಮುಟ್ಟಿದ್ರೆ ಸೋಮವಾರ ಬರೋದು ಬೇಡ," ಎಂದಳು ಮೇಲ್ವಿಚಾರಕಿ. ದನಿಯಲ್ಲಿ ಈಗಲೂ ಸಿಟ್ಟಿರಲಿಲ್ಲ. "ಯೋಚ್ನೆ ಮಾಡಿ."

ಅವಳು ಒತ್ತಿದಳು. ಮೇಲ್ವಿಚಾರಕಿ ಅವಳು ಸಹಿ ಹಾಕದ ಕಾಗದವನ್ನು ಎತ್ತಿ, ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ ಹರಿದು ಕಾವಲುಗಾರನನ್ನು ಕರೆಯಲು ಹೊರಗೆ ಹೋದಳು.

ಆರನೆಯ ರಿಂಗಿಗೆ ದನಿ ಬಂತು. "ಯಾರು?"

"ಅಮ್ಮಾ, ಆಗ ಮಾತಾಡಿದ್ನಲ್ಲ, ನಾನೇ. ತಪ್ಪು ಹೇಳಿಬಿಟ್ಟೆ. ಬೀಗ ತೆಗೆಸಕ್ಕೆ ದಾರಿ ಇದೆ. ಒಂದು ನಂಬರ್ ಹೇಳ್ತೀನಿ, ಅರ್ಜಿ ಹೆಸರೂ ಹೇಳ್ತೀನಿ. ಬೇಗ ಬರ್ಕೊಳ್ಳಿ."

"ಇರಮ್ಮ, ಇರು. ಪೆನ್ನು..." ಡ್ರಾಯರ್ ಎಳೆದ ಸದ್ದು, ಏನೋ ಕೆಳಗೆ ಬಿದ್ದು ಉರುಳಿದ ಸದ್ದು. ಕಾರಿಡಾರಿನಲ್ಲಿ ಬೂಟುಗಾಲು ಹತ್ತಿರವಾಗುತ್ತಿತ್ತು. "ಪೆನ್ನು ಸಿಗ್ತಿಲ್ಲ. ಸೀಮೆಸುಣ್ಣ ಇದೆ. ಬಟ್ಟೆ ಮೇಲೇ ಬರ್ಕೋತೀನಿ, ಹೇಳು."

ಅವಳು ಮೊದಲ ಅಂಕಿ ಹೇಳಿದಳು. ಒರಟು ಬಟ್ಟೆಯ ಮೇಲೆ ಸುಣ್ಣ ಉಜ್ಜುವುದು ಕಿವಿಯ ಹತ್ತಿರವೇ ಕೇಳಿಸಿತು. ಅದು ನಿಲ್ಲುವವರೆಗೆ ಕಾದು, ಎರಡನೆಯದನ್ನು ಹೇಳಿದಳು.